ಚಾರ್ಮಾಡಿಯ ಕತ್ತಲು, ಮೂಡಿಗೆರೆಯ ಫ್ಯೂಸ್ ಡಬ್ಬ

ಬೈಕಿಗೆ ಏನೇನೋ ಸಿಕ್ಕಿಸಿಕೊಂಡು ಲಡಾಖಿಗೆ ಹೊರಟವರು ಯಾರೇ ಸಿಗಲಿ, ಭಾವನ ಹಿಮಾಲಯನ್ ಬೈಕಿನ ಕಥೆ ಹೇಳದೆ ನಾನು ಬಿಡೋದಿಲ್ಲ. ಈವತ್ತು ನೀವು ಸಿಕ್ಕಿದ್ದೀರಿ. ಆ ಕೊರಡನ್ನ ಸ್ವಲ್ಪ ಒಳಗೆ ತಳ್ಳಿ, ಹೊಗೆ ಕಣ್ಣಿಗೆ ಬರ್ತಿದೆ. ಹಾಂ, ಈಗ ಕೇಳಿ.

ಭಾವ ಅಂದರೆ ನಮ್ಮ ಅಕ್ಕನ ಯಜಮಾನರು. ಬ್ಯಾಂಕಿನ ನೌಕರಿ, ಲೆಕ್ಕದಲ್ಲಿ ಪೈಸೆ ತಪ್ಪಿದರೂ ನಿದ್ದೆ ಬಾರದ ಜನ. ಮನಾಲಿಯಿಂದ ಲೇಹ್‌ಗೆ ಹೋಗಬೇಕು ಅಂತ ಆಸೆ ಹತ್ತಿದ ಮೇಲೆ ಮಾತ್ರ ಬೈಕಿಗೆ ಸಾಮಾನು ಹಾಕಿಸೋದರಲ್ಲಿ ಅವರ ಕೈ ತಡೆಯೋರೇ ಇಲ್ಲದ ಹಾಗಾಯ್ತು. ಎರಡು ಫಾಗ್ ಲೈಟು, ಮೊಬೈಲ್ ಚಾರ್ಜರ್, ಕೈ ಬೆಚ್ಚಗಿಡೋ ಹೀಟೆಡ್ ಗ್ರಿಪ್ಪು, ಟೈರಿಗೆ ಗಾಳಿ ಹೊಡೆಯೋ ಪಂಪಿಗೊಂದು ಸಾಕೆಟ್ಟು. ಎಲ್ಲ ಒಳ್ಳೇ ಮಾಲೇ. ಹಾಕಿಕೊಟ್ಟ ಅಂಗಡಿಯವರು ಮಾತ್ರ ಸುಲಭದ ದಾರಿ ಹಿಡಿದಿದ್ದರು. ಹೆಡ್‌ಲೈಟಿಗೆ ಹೋಗೋ ವೈರನ್ನ ಅಲ್ಲಲ್ಲಿ ಕೆರೆದು, ಅದಕ್ಕೇ ಫಾಗ್ ಲೈಟಿನ ಜಾಯಿಂಟ್ ಕೊಟ್ಟು, ಮೇಲೆ ಕಪ್ಪು ಟೇಪು ಸುತ್ತಿದ್ದರು. ಹೊರಗಿನಿಂದ ನೋಡಿದರೆ ಅಚ್ಚುಕಟ್ಟು.

ಮಳೆಗಾಲ ಮುಗೀತಾ ಬಂದಿತ್ತು. ಉಜಿರೆಯಲ್ಲಿ ಒಂದು ಮದುವೆ ಮುಗಿಸಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಭಾವ ಓಡಿಸ್ತಿದ್ದರು, ನಾನು ಹಿಂದೆ. ಸಂಜೆ ಕಳೆದು ಕತ್ತಲಾಗಿತ್ತು, ಮೇಲಕ್ಕೆ ಹೋದಷ್ಟೂ ಮಂಜು. ಘಾಟಿಯ ಮಂಜು ಗೊತ್ತಲ್ಲ, ಎದುರಿನ ಬಿಳಿ ಪಟ್ಟೆಯೇ ಕಾಣಿಸೋಲ್ಲ. ಒಂದು ಹೇರ್‌ಪಿನ್ ತಿರುವಿನಲ್ಲಿ ಭಾವ ಹ್ಯಾಂಡಲ್ ಪೂರಾ ತಿರುಗಿಸಿದರು ನೋಡಿ, ಪಟ್ ಅಂತ ಮುಂದಿನ ದೀಪವೆಲ್ಲ ಹೋಯ್ತು. ಇಂಜಿನ್ ಓಡ್ತಾನೇ ಇದೆ, ರಸ್ತೆ ಮಾತ್ರ ಇಲ್ಲ. ಎಡಕ್ಕೆ ಪ್ರಪಾತವೋ ಚರಂಡಿಯೋ ಗೊತ್ತಾಗದೆ ಅಲ್ಲೇ ಕಾಲು ಊರಿ ನಿಂತೆವು.

ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಹೆಡ್‌ಲೈಟಿನ ಫ್ಯೂಸ್ ಸುಟ್ಟಿತ್ತು. ಬಿಡಿ ಫ್ಯೂಸ್ ಒಂದಿತ್ತು, ಹಾಕಿದೆವು. ದೀಪ ಬಂತು. ಮುಂದಿನ ತಿರುವಿನಲ್ಲಿ ಅದೂ ಹೋಯ್ತು. ಅಷ್ಟು ಹೊತ್ತಿಗೆ ಪುಣ್ಯಕ್ಕೆ ಒಂದು ಕೆಂಪು ಬಸ್ಸು ಬಂತು. ಅದರ ಹಿಂದಿನ ದೀಪಕ್ಕೇ ಕಣ್ಣು ನೆಟ್ಟು ಕೊಟ್ಟಿಗೆಹಾರದವರೆಗೆ ಹೋದೆವು. ನಾನಂತೂ ಹಿಂದಿನಿಂದ ಬರೋ ಗಾಡಿಗೆ ಕಾಣಲಿ ಅಂತ ಟಾರ್ಚ್ ಅಲ್ಲಾಡಿಸ್ತಾ ಕೂತಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗಲೂ ಭಾವನ ಕೈ ನಡುಗ್ತಿತ್ತು. ಚಳಿಗೆ ಅಂದರು, ನಾನೂ ಹೌದು ಅಂದೆ.

ಮಾರನೇ ಬೆಳಗ್ಗೆ ಮೂಡಿಗೆರೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಊರಿಗೆಲ್ಲ ಅವರು ಭಾಯ್. ಜೀಪು, ಪಿಕಪ್ಪು, ತೋಟದ ಪಂಪ್‌ಸೆಟ್ಟು ಎಲ್ಲ ಅವರ ಕೈಯಲ್ಲೇ. ಟ್ಯಾಂಕಿನ ಮುಂದೆ ಬೆರಳು ಆಡಿಸಿ, ಹ್ಯಾಂಡಲ್ಲಿನ ಕತ್ತಿನ ಹತ್ತಿರ ಒಂದು ವೈರ್ ಎಳೆದು ತೋರಿಸಿದರು. ಫಾಗ್ ಲೈಟಿನ ಸ್ವಿಚ್ಚಿಗೆ ಹೋಗೋ ವೈರು. ಹ್ಯಾಂಡಲ್ ತಿರುಗಿದಾಗಲೆಲ್ಲ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣ್ತಿತ್ತು. ಪೂರಾ ತಿರುಗಿಸಿದರೆ ಚಾಸಿಗೆ ತಾಗಿ ಶಾರ್ಟು.

“ವೈರ್ ಸವೆಯೋದು ಇದ್ದಿದ್ದೇ ಸಾರ್,” ಅಂದರು ಭಾಯ್. “ಫಾಗ್ ಲೈಟಿನ ವೈರ್ ಕೆಟ್ಟರೆ ಫಾಗ್ ಲೈಟ್ ಹೋಗಬೇಕು. ನಿಮ್ಮದು ಹೆಡ್‌ಲೈಟನ್ನೂ ಕರ್ಕೊಂಡು ಹೋಗಿದೆ.”

ಭಾವ ಅಷ್ಟಕ್ಕೆ ಬಿಡೋ ಜನವೇ? ರಾತ್ರಿಯೆಲ್ಲ ಕೂತು ಓದಿಕೊಂಡು ಬಂದಿದ್ದರು. ಪಿಡಿಎಂ60 ಅಂತ ಒಂದು ಎಲೆಕ್ಟ್ರಾನಿಕ್ ಡಬ್ಬ ಬರುತ್ತೆ. ಆರು ಲೈನು, ಒಟ್ಟು 60 ಆಂಪಿಯರ್, ಫ್ಯೂಸೇ ಇಲ್ಲ. ಯಾವ ಲೈನು ಎಷ್ಟು ಆಂಪಿಯರ್‌ಗೆ ಕಟ್ ಆಗಬೇಕು, ಕೀ ತಿರುಗಿಸಿ ಎಷ್ಟು ಸೆಕೆಂಡಿಗೆ ಆನ್ ಆಗಬೇಕು ಅನ್ನೋದನ್ನೆಲ್ಲ ಕಂಪ್ಯೂಟರಿನಲ್ಲಿ ಹೊಂದಿಸಬಹುದು. ಇನ್ನೊಂದು ಎಫ್‌ಜಡ್-1. ಅದರಲ್ಲೂ ಆರು ಲೈನು, ಒಟ್ಟು 30 ಆಂಪಿಯರ್, ರಿಲೇ ಒಳಗೇ ಇರುತ್ತೆ. ಫ್ಯೂಸನ್ನ ಒಂದು ಕಡೆ ಸಿಕ್ಕಿಸಿದರೆ ಆ ಲೈನು ಕೀ ಜೊತೆ ಆನ್ ಆಗುತ್ತೆ, ಪಕ್ಕಕ್ಕೆ ಸಿಕ್ಕಿಸಿದರೆ ಯಾವಾಗಲೂ ಆನ್. ಎರಡೂ ವಿದೇಶದಿಂದ ತರಿಸಬೇಕು. ಭಾವನ ಮನಸ್ಸು ಮೊದಲನೆಯದರ ಮೇಲೆ.

ಭಾಯ್ ಎಲ್ಲ ಕೇಳಿಸಿಕೊಂಡು, ಏನೂ ಹೇಳದೆ ಬ್ಯಾಟರಿಗೆ ಮೀಟರ್ ಹಿಡಿದರು. ಇಂಜಿನ್ ಆಫ್, 12.6 ವೋಲ್ಟ್. ಸ್ಟಾರ್ಟ್ ಮಾಡಿ, ಹೊಸ ಸಾಮಾನೆಲ್ಲ ಆನ್ ಮಾಡಿಸಿದರು. ಐಡಲ್‌ನಲ್ಲಿ 12.5. ಆಕ್ಸಿಲರೇಟರ್ ಕೊಟ್ಟರೆ 13.9.

“ನಿಂತಾಗ ಬ್ಯಾಟರಿಯಿಂದ ಹೋಗ್ತಿದೆ, ಓಡುವಾಗ ಬರ್ತಿದೆ,” ಅಂದರು. ಭಾವನಿಗೆ ತಕ್ಷಣ ಹೊಳೀತು. ಓವರ್‌ಡ್ರಾಫ್ಟ್! ಡಬ್ಬ 60 ಆಂಪಿಯರ್‌ದಾದರೆ ಏನು, ಖಾತೆಗೆ ಜಮಾ ಮಾಡೋದು ಇಂಜಿನ್ನಿನ ಆಲ್ಟರ್ನೇಟರ್ ತಾನೇ. ಅದರಲ್ಲೂ 55 ವಾಟಿನ ಹೆಡ್‌ಲೈಟ್ ಮೊದಲೇ ಪಾಲು ತಗೊಂಡಿರುತ್ತೆ. 2017ರ ಏಪ್ರಿಲ್‌ನಿಂದ ಹೊಸ ಬೈಕು ಸ್ಕೂಟರುಗಳಲ್ಲಿ ಇಂಜಿನ್ ಓಡುವಾಗ ಹೆಡ್‌ಲೈಟ್ ತಾನಾಗೇ ಉರೀಬೇಕು ಅಂತ ಕಾನೂನು ಬಂದಮೇಲೆ ಅದನ್ನ ಆರಿಸಿ ಉಳಿಸೋ ಮಾತೂ ಇಲ್ಲ.

ಒಂದು ರಟ್ಟಿನ ಮೇಲೆ ಭಾಯ್ ಲೆಕ್ಕ ಬರೆದರು. 20 ವಾಟಿನ ಎರಡು ಎಲ್‌ಇಡಿ, ಅಂದರೆ ಮೂರು ಚಿಲ್ಲರೆ ಆಂಪಿಯರ್. ಗ್ರಿಪ್ಪು ನಾಲ್ಕು. ಚಾರ್ಜರ್ ಎರಡು ಇಟ್ಕೊಳ್ಳಿ. ಹತ್ತರ ಒಳಗೇ ಎಲ್ಲ ಮುಗೀತು. “ಇದಕ್ಕೆ 60 ಯಾಕೆ ಸಾರ್?”

ಭಾವ ಬಿಡಲಿಲ್ಲ. ಫ್ಯೂಸ್ ಇಲ್ಲದ ಡಬ್ಬದಲ್ಲಿ ಸುಡೋಕೆ ಏನೂ ಇರೋಲ್ಲ, ತಾನೇ ಕಟ್ ಆಗಿ ಕಾಪಾಡುತ್ತೆ ಅಂದರು. ಮಾತು ನಿಜವೇ. ನನ್ನನ್ನ ಕೇಳಿದರೆ, ಊರಲ್ಲೇ ಓಡಾಡೋರಿಗೆ, ಕಂಪ್ಯೂಟರ್ ಮುಂದೆ ಕೂತು ಹೊಂದಿಸೋ ಹುಚ್ಚಿರೋರಿಗೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಭಾಯ್ ಎದ್ದು ಹೋಗಿ, ಅಂಗಡಿ ಮುಂದೆ ರಿಪೇರಿಗೆ ನಿಂತಿದ್ದ ಪಿಕಪ್ಪಿನಿಂದ ಒಂದು ಕೆಂಪು ಫ್ಯೂಸ್ ಕಿತ್ತು ತಂದು ಭಾವನ ಅಂಗೈಮೇಲೆ ಇಟ್ಟರು. “ಇದು 10 ಆಂಪಿಯರ್. ಲೇಹ್ ದಾರೀಲಿ ಯಾವ ಕಾರಿನವರನ್ನ ಕೇಳಿದರೂ ಕೊಡ್ತಾರೆ. ನಿಮ್ಮ ಕಂಪ್ಯೂಟರ್ ಡಬ್ಬ ಕೆಟ್ಟರೆ ಯಾರ ಹತ್ರ ಕೇಳ್ತೀರಿ?”

ಭಾವ ಆ ಫ್ಯೂಸನ್ನ ತಿರುಗಿಸಿ ತಿರುಗಿಸಿ ನೋಡಿದರು. ಅಲ್ಲಿಗೆ ತೀರ್ಮಾನ ಆಯ್ತು. ಮುಚ್ಚಳ ಇರೋ ಆರು ಲೈನಿನ ಮಾಮೂಲಿ ಫ್ಯೂಸ್ ಬಾಕ್ಸು, ಹೊರಗೆ ಒಂದು ರಿಲೇ. ವಿದೇಶಿ ಡಬ್ಬದ ಕೆಲಸವೇ, ಬಿಡಿ ಭಾಗಗಳಲ್ಲಿ.

ಕೆಲಸ ನೋಡೋಕೆ ನನಗೆ ಖುಷಿಯಾಯ್ತು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಹಳದಿ ಬಣ್ಣದ 20 ಆಂಪಿಯರ್ ಮೇನ್ ಫ್ಯೂಸ್ ಕೂರಿಸಿದರು. ಅಷ್ಟು ಹತ್ತಿರ ಯಾಕೆ ಅಂದೆ. ಫ್ಯೂಸ್ ಇರೋದು ವೈರನ್ನ ಕಾಯೋಕೆ, ಲೈಟನ್ನ ಅಲ್ಲ. ಅದಕ್ಕಿಂತ ಹಿಂದೆ ಎಷ್ಟು ವೈರ್ ಉಳಿಯುತ್ತೋ ಅಷ್ಟಕ್ಕೆ ಕಾವಲಿಲ್ಲ ಅಂದರು. ಅಲ್ಲಿಂದ 2.5 ಸ್ಕ್ವೇರ್ ಎಂಎಂ ವೈರು ರಿಲೇಯ 30ಕ್ಕೆ, 87ರಿಂದ ಬಾಕ್ಸಿಗೆ. 86ಕ್ಕೆ ಹಿಂದಿನ ದೀಪದ ಲೈನಿನಿಂದ ಒಂದು ಸಣ್ಣ ವೈರು, 85 ಅರ್ತಿಗೆ. ಬೈಕಿನ ಹಳೇ ವೈರಿಂಗಿನಿಂದ ತಗೊಂಡಿದ್ದು ಆ ಸಣ್ಣ ವೈರೊಂದೇ, ಅದೂ ರಿಲೇ ಎಬ್ಬಿಸೋಕೆ ಬೇಕಾದಷ್ಟು ಕರೆಂಟಿಗೆ. ಫಾಗ್ ಲೈಟಿಗೆ, ಗ್ರಿಪ್ಪಿಗೆ ಕಂದು ಬಣ್ಣದ ಏಳೂವರೆ, ಚಾರ್ಜರಿಗೆ ಐದು. ಅರ್ತ್‌ಗಳನ್ನ ಎಲ್ಲೆಲ್ಲೋ ಬಾಡಿಗೆ ಬಿಗಿಯದೆ ಎಲ್ಲವನ್ನೂ ಬ್ಯಾಟರಿಯ ಮೈನಸ್‌ಗೇ ತಂದರು. ಥಿಂಬಲ್‌ಗಳಿಗೆ ಬೆಸುಗೆ ಹಾಕಲಿಲ್ಲ, ಪ್ರೆಸ್ ಮಾಡಿದರು. ಬೆಸುಗೆ ಎಳೆಗಳೊಳಗೆ ಇಳಿದು ಗಟ್ಟಿಯಾದರೆ ಗಾಡಿ ಅದುರಿದಾಗ ಆ ಗಟ್ಟಿ ಮುಗಿಯೋ ಜಾಗದಲ್ಲೇ ವೈರ್ ಮುರಿಯುತ್ತಂತೆ.

ಚಾರ್ಜರ್ ಮಾತ್ರ ಯಾವಾಗಲೂ ಆನ್ ಇರಲಿ, ಟೆಂಟಿನಲ್ಲಿ ಮಲಗಿದಾಗ ಫೋನ್ ಚಾರ್ಜ್ ಮಾಡ್ಕೋಬಹುದು ಅಂದರು ಭಾವ. ಭಾಯ್ ಮತ್ತೆ ರಟ್ಟು ಎಳೆದುಕೊಂಡರು. ಬ್ಯಾಟರಿ 8 ಆಂಪಿಯರ್ ಅವರ್. ಚಾರ್ಜರಿನ ಸಣ್ಣ ದೀಪ, ಒಳಗಿನ ಸರ್ಕ್ಯೂಟ್ ಸೇರಿ 50 ಮಿಲಿ ಆಂಪಿಯರ್ ಎಳೆದರೂ ವಾರದೊಳಗೆ ಖಾಲಿ. ಸ್ಟಾರ್ಟ್ ಆಗದಿರೋಕೆ ಅಷ್ಟೂ ದಿನ ಬೇಡ. ಅದೂ ಕೀ ಜೊತೆಗೇ ಆಯ್ತು. ನೇರ ಬ್ಯಾಟರಿಗೆ ಹೋಗಿದ್ದು ಗಾಳಿ ಪಂಪಿನ ಸಾಕೆಟ್ ಒಂದೇ, ತನ್ನದೇ 15 ಆಂಪಿಯರ್ ನೀಲಿ ಫ್ಯೂಸ್ ಜೊತೆ.

ಮುಂದಿನ ಬೇಸಿಗೆಯಲ್ಲಿ ಭಾವ ಲೇಹ್‌ಗೆ ಹೋದರು. ಬಾರಾಲಾಚಾ ಕಡೆ ಒಂದು ನಾಲಾ ದಾಟುವಾಗ ಬೈಕು ವಾಲಿ, ಫಾಗ್ ಲೈಟಿನ ಕ್ಲಾಂಪ್ ಕಲ್ಲಿಗೆ ತಾಗಿ ವೈರ್ ಜಜ್ಜಿತಂತೆ. ಏಳೂವರೆಯದು ಸುಟ್ಟಿತು. ಹೆಡ್‌ಲೈಟ್, ಗ್ರಿಪ್, ಫೋನು ಯಾವುದಕ್ಕೂ ಏನೂ ಆಗಲಿಲ್ಲ. ಸರ್ಚುವಿನಲ್ಲಿ ರಾತ್ರಿ ಉಳಿದಾಗ ಟೇಪ್ ಸುತ್ತಿ, ಹೊಸ ಫ್ಯೂಸ್ ಹಾಕಿಕೊಂಡರು.

ಅಲ್ಲಿಯ ಚಳಿ ಮಾತ್ರ ಎದೆಯೊಳಗೇ ಕೂತುಬಿಟ್ಟಿತ್ತು. ಊರಿಗೆ ಬಂದವರೇ ಭಾಯ್‌ಗೆ ಫೋನ್ ಹಚ್ಚಿದರು. ಕರೆಂಟಿನಲ್ಲಿ ಬಿಸಿಯಾಗೋ ಜಾಕೆಟ್ ಬರುತ್ತೆ, ಆರೇಳು ಆಂಪಿಯರ್, ಬಾಕ್ಸಿನಲ್ಲಿ ಲೈನುಗಳು ಖಾಲಿ ಇವೆಯಲ್ಲ, ಹಾಕಿಕೊಡಿ ಅಂತ.

“ಬಾಕ್ಸಿನಲ್ಲಿ ಜಾಗ ಇದೆ ಸಾರ್, ಇಂಜಿನ್ನಲ್ಲಿಲ್ಲ,” ಅಂದರಂತೆ ಭಾಯ್. “ಅಕ್ಕನ ಹತ್ರ ಒಂದು ಉಲ್ಲನ್ ಸ್ವೆಟರ್ ಹಾಕಿಸ್ಕೊಳ್ಳಿ.”

ಅಕ್ಕ ಹಾಕಿಕೊಟ್ಟಳು. ಕಡುನೀಲಿ ಬಣ್ಣದ್ದು, ತೋಳು ಸ್ವಲ್ಪ ಉದ್ದ.