ಗಾಳಿಗೂ ಒಂದು ದಾರಿ

ಮನೆ ಕಟ್ಟಿಸುವಾಗ ಅಡುಗೆಮನೆಯ ಕಿಟಕಿ ಇಂಥ ಕಡೆಯೇ ಬರಬೇಕೆಂದು ಹೆಂಗಸರು ಹಟ ಹಿಡಿಯುವುದುಂಟು. ಒಗ್ಗರಣೆಯ ಘಾಟು ಎತ್ತ ಹೋಗುತ್ತದೆಂದು ಒಲೆಯ ಮುಂದೆ ನಿಂತವರಿಗಲ್ಲದೆ ಇನ್ನಾರಿಗೆ ಗೊತ್ತು? ಶಾಲೆಯ ಪ್ರಯೋಗಾಲಯಗಳಿಗೂ ಹೀಗೆ ಹಟ ಹಿಡಿಯುವವರೊಬ್ಬರು ಬೇಕು ಎಂದು ನನಗನ್ನಿಸುತ್ತದೆ.

ನಾನು ಕನ್ನಡ ಪಾಠ ಹೇಳುವವಳು. ಹಿಂದೆ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ನನ್ನ ತರಗತಿಯ ಪಕ್ಕದಲ್ಲೇ ಪಿಯುಸಿಯವರ ರಸಾಯನಶಾಸ್ತ್ರದ ಪ್ರಯೋಗಾಲಯವಿತ್ತು. ಲವಣ ಪರೀಕ್ಷೆಯ ದಿನ ಕೊಳೆತ ಮೊಟ್ಟೆಯ ವಾಸನೆ ನಮ್ಮಲ್ಲಿಗೂ ಬರುತ್ತಿತ್ತು. ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಆದರೆ ಹೈಡ್ರೋಜನ್ ಸಲ್ಫೈಡ್ ನಗುವ ವಸ್ತುವಲ್ಲ. ಅದು ಗಾಳಿಗಿಂತ ಭಾರ; ಗಾಳಿಯಾಡದ ಕಡೆ ಕೆಳಗೇ ತಂಗುತ್ತದೆ. ಹೆಚ್ಚಾದರೆ ಮೂಗೇ ಸೋತು, ವಾಸನೆ ಹೋಯಿತೆಂದು ನಾವು ನಿಶ್ಚಿಂತರಾಗಿಬಿಡುತ್ತೇವೆ.

ಅಲ್ಲಿ ಹೊಗೆಯನ್ನು ಹೊರಗೆಳೆಯುವ ಗಾಜಿನ ಗೂಡು, ಅಂದರೆ ಫ್ಯೂಮ್ ಹುಡ್, ಇರಲಿಲ್ಲವೆಂದಲ್ಲ. ಇತ್ತು, ಬಾಗಿಲ ಪಕ್ಕದಲ್ಲಿ, ಫ್ಯಾನಿನ ಕೆಳಗೆ! ಇಂಥ ಗೂಡು ಗಾಳಿಯನ್ನು ಒಳಗೆಳೆದುಕೊಳ್ಳುವ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರು. ನಾವು ನಡೆಯುವುದು ಅದರ ಎರಡರಷ್ಟು ವೇಗದಲ್ಲಿ. ಅದರ ಮುಂದೆ ಯಾರಾದರೂ ಸರ್ರನೆ ಹಾದರೆ ಸಾಕು, ಒಳಗಿನ ಅನಿಲ ಸೆರಗು ಹಿಡಿದ ಕೂಸಿನಂತೆ ಹಿಂದೆಯೇ ಬರುತ್ತದೆ. ಓಡಾಟವಿಲ್ಲದ ಮೂಲೆಯಲ್ಲಿದ್ದರೆ ಅದೇ ಗೂಡು ತನ್ನ ಕೆಲಸ ಸರಿಯಾಗಿ ಮಾಡೀತು. ಅಲ್ಲದೆ ಗೂಡಿನಲ್ಲೇ ಬೆಂಕಿ ಹತ್ತಿದರೆ ಮಕ್ಕಳು ಅದನ್ನು ದಾಟಿಯೇ ಓಡಬೇಕಲ್ಲ! ಇನ್ನೊಂದು ಬಾಗಿಲಿಗೆ ಕಬ್ಬಿಣದ ಬೀರು ಅಡ್ಡವಾಗಿತ್ತು.

ಒಂದು ದಿನ ಒಬ್ಬ ಹುಡುಗಿಗೆ ತಲೆ ಸುತ್ತಿ ಬಂತು. ಅವಳನ್ನು ಹೊರಗೆ ಕರೆತಂದದ್ದು ಆ ಗೂಡಿನ ಮುಂದಿನಿಂದಲೇ. ಗಾಳಿಯಲ್ಲಿ ಕೂರಿಸಿದ ಮೇಲೆ ಚೇತರಿಸಿಕೊಂಡಳು. ನಾನು ಮುಖ್ಯಸ್ಥರಲ್ಲಿಗೆ ಹೋದೆ. "ಮೇಡಂ, ನೀವು ಕನ್ನಡದವರು. ಇದು ಸೈನ್ಸಿನವರ ವಿಷಯ" ಎಂದರು.

"ಸಾರ್, ಬೀರು ಸರಿಸುವುದಕ್ಕೆ ಯಾವ ಸೈನ್ಸು ಬೇಕು?" ಎಂದೆ.

ಅವರು ಉತ್ತರ ಕೊಡಲಿಲ್ಲ. ಮರುದಿನ ರಸಾಯನಶಾಸ್ತ್ರದ ಮೇಷ್ಟ್ರು, ಅಟೆಂಡರು, ನಾನು ಸೇರಿ ಬೀರನ್ನು ಸರಿಸಿದೆವು. ಎಷ್ಟೋ ವರ್ಷಗಳ ಚಿಲಕ ಕಿರುಗುಟ್ಟುತ್ತ ತೆರೆಯಿತು. ಗೂಡಿನ ಕೆಲಸ ನಡೆಯುವಾಗ ಫ್ಯಾನು ಹಾಕುವುದನ್ನು ಮೇಷ್ಟ್ರು ನಿಲ್ಲಿಸಿದರು. ಗೂಡು ಮಾತ್ರ ಇದ್ದಲ್ಲೇ ಉಳಿಯಿತು.

ಮೇರಿ ಕ್ಯೂರಿ ರೇಡಿಯಂಗಾಗಿ ದುಡಿದದ್ದು ಪ್ಯಾರಿಸ್ಸಿನ ಒಂದು ಸೋರುವ ಷೆಡ್ಡಿನಲ್ಲಿ. ಅಲ್ಲಿ ಹೊಗೆ ಹೊರಹೋಗಲು ಗೂಡಿರಲಿಲ್ಲ. ಕೆಟ್ಟ ಅನಿಲ ಬರುವ ಕೆಲಸವನ್ನೆಲ್ಲ ಅಂಗಳದಲ್ಲೇ ಮಾಡುತ್ತಿದ್ದರು. ಮಳೆ ಬಂದರೆ ಒಳಗೆ, ಕಿಟಕಿ ತೆರೆದಿಟ್ಟುಕೊಂಡು. 1903ರಲ್ಲಿ ನೊಬೆಲ್ ಬಂದಾಗ ಜಗತ್ತು ಅವರನ್ನು ಕೊಂಡಾಡಿತು. ಆಕೆಗೆ ಬೇರೆ ಗತಿಯಿರಲಿಲ್ಲ, ಸಹಿಸಿದರು. ನಮ್ಮ ಮಕ್ಕಳು ಯಾಕೆ ಸಹಿಸಬೇಕು?

ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡಿ ಹಿಂದಿರುಗಬೇಡಿ. ಪ್ರಯೋಗಾಲಯಕ್ಕೂ ಒಮ್ಮೆ ಇಣುಕಿ. ಕಿಟಕಿಗಳು ತೆರೆಯುತ್ತವೆಯೇ? ಬಾಗಿಲು ಹೊರಮುಖವಾಗಿ ತೆರೆಯುತ್ತದೆಯೇ? ಎರಡನೆಯ ಬಾಗಿಲಿನ ಮುಂದೆ ಏನಿದೆ? ಕೇಳಲು ವಿಜ್ಞಾನ ಓದಿರಬೇಕಾಗಿಲ್ಲ. ಅಡುಗೆಮನೆಯಲ್ಲಿ ನಿಂತು ಗೊತ್ತಿದ್ದರೆ ಸಾಕು.