ಕುದುರೆಯ ಎತ್ತರ

ಗುಂಡುಮಾಲಿನ ಭಜನೆಯ ಮೇಳದಲ್ಲಿ ತಾಳ, ದಮ್ಮಡಿ, ಏಕತಾರಿಗಳ ನಡುವೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂಡುವ ಹುಡುಗನೊಬ್ಬನಿದ್ದಾನೆ. ಏಕತಾರಿ ಅವನ ಮುತ್ಯಾನದು. ತತ್ವಪದಗಳನ್ನು ಹಾಡಿ ಹಾಡಿ ದಣಿದ ಆ ಕಂಠಕ್ಕೆ ಇನ್ನೊಂದು ಶ್ರುತಿಯ ಆಸರೆ ಬೇಕಾಗಿತ್ತು. ಮೊಮ್ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡದ್ದು ಅದಕ್ಕಾಗಿಯೇ.

ಗಿಟಾರ್ ಹಳೆಯದು, ಹೈದರಾಬಾದಿನಲ್ಲಿ ಕೊಂಡದ್ದು. ತಂತಿಗಳು ಮೆಟ್ಟಿಲುಗಳಿಗೆ ತಗುಲಿ ಝರ್ ಎನ್ನುತ್ತಿದ್ದವು. ಹುಡುಗನು ಕುದುರೆಯ ತಿರುಪುಗಳನ್ನು ತಿರುವಿ ತಂತಿಗಳನ್ನು ಎತ್ತರಿಸಿದನು. ಸದ್ದೇನೋ ಅಡಗಿತು. ಆದರೆ ಬೆರಳುಗಳು ನೊಂದವು. ಅದಕ್ಕಿಂತ ಮಿಗಿಲಾಗಿ, ಹಾಡು ಕೆಟ್ಟಿತು. “ಶ್ರುತಿಗಿ ಕೂಡವಲ್ದು ತಮ್ಮ, ಮ್ಯಾಲ ಹೋಗ್ತದ” ಎಂದು ಮುತ್ಯಾ ಪದವನ್ನು ನಡುವೆಯೇ ನಿಲ್ಲಿಸಿದರು. ಅವರ ಕಿವಿ ಹೇಳಿದ್ದು ಸರಿಯೇ. ತಂತಿ ಎತ್ತರದಲ್ಲಿದ್ದಷ್ಟೂ ಅದನ್ನು ಒತ್ತಿ ಮೆಟ್ಟಿಲಿಗೆ ಮುಟ್ಟಿಸುವಾಗ ಹೆಚ್ಚು ಎಳೆಯಲ್ಪಡುತ್ತದೆ. ಎಳೆತ ಹೆಚ್ಚಿದರೆ ಸ್ವರ ಏರುತ್ತದೆ. ಬಿಟ್ಟ ತಂತಿ ಶ್ರುತಿಯಲ್ಲಿದ್ದರೂ ಒತ್ತಿದ ತಂತಿ ಅಪಸ್ವರ ನುಡಿಯುತ್ತದೆ.

ಕುದುರೆ ಎಂಬ ಮಾತು ವೀಣೆಯವರದು. ಮರಾಠಿಯವರು ಅದನ್ನೇ ಘೋಡಿ ಎನ್ನುತ್ತಾರೆ. ಎರಡು ಭಾಷೆಗಳೂ ತಂತಿಯನ್ನು ಸವಾರನನ್ನಾಗಿ ಕಂಡಿರುವುದು ಸೊಗಸು. ಗಿಟಾರಿನಲ್ಲಿ ಈ ಸವಾರನು ಯಾವುದಕ್ಕೂ ತಾಗಬಾರದು, ತಂಬೂರಿಯಲ್ಲಿ ತಾಗಲೇಬೇಕು. ಅದರ ಅಗಲವಾದ ಕುದುರೆಯ ಬೆನ್ನು ತುಸುವೇ ಉಬ್ಬಿರುತ್ತದೆ. ತಂತಿಯ ಕೆಳಗೆ ಜೀವವೆಂಬ ನೂಲನ್ನು ಸರಿಸಿ, ತಂತಿ ಆ ಬೆನ್ನನ್ನು ಸವರುತ್ತ ನುಡಿಯುವಂತೆ ಮಾಡಿದಾಗ ಝೇಂಕಾರ ಏಳುತ್ತದೆ. ಹಿಂದೂಸ್ತಾನಿಯವರು ಇದನ್ನು ಜವಾರಿ ಎನ್ನುತ್ತಾರೆ (ಜವಾರಿ ಜೋಳದ ಜವಾರಿಯಲ್ಲ). ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಮಿರಜಿನ ಶಿಕಲಗಾರರು 19ನೆಯ ಶತಮಾನದಲ್ಲಿ ವಾದ್ಯಗಳ ಕಸುಬಿಗೆ ಬಂದವರು. ಆ ಊರಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಒಂದೆಡೆ ದೋಷವಾದ ಸದ್ದನ್ನು ಇನ್ನೊಂದೆಡೆ ಅರ ಹಿಡಿದು ಬರಿಸುತ್ತಾರೆ.

ಹುಡುಗನು ಮತ್ತೆ ಮೊದಲಿನಿಂದ ತೊಡಗಿದನು, ಈ ಸಲ ಕತ್ತಿನಿಂದ. ಮೊದಲನೆಯ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ತಂತಿಯನ್ನು ಒತ್ತಿ ಹಿಡಿದರೆ ನಡುವೆ, ಏಳೆಂಟನೆಯ ಮೆಟ್ಟಿಲಿನ ಬಳಿ, ಸುಮಾರು ಕಾಲು ಮಿಲಿಮೀಟರ್ ಸಂದು ಕಾಣಬೇಕು. ಮಿಡಿದ ತಂತಿ ನಡುವಿನಲ್ಲಿಯೇ ಹೆಚ್ಚು ತೂಗುವುದರಿಂದ ಕತ್ತಿಗೆ ಅಷ್ಟು ಬಾಗು ಅಗತ್ಯ. ಅವನ ಗಿಟಾರಿನಲ್ಲಿ ಸಂದೇ ಇರಲಿಲ್ಲ. ಒಣ ಹವೆಗೆ ಮರ ಕುಗ್ಗಿದಂತೆ ಕತ್ತಿನ ಬಾಗೂ ಬದಲಾಗುತ್ತದೆ. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಳೆದನು. ಆಮೇಲೆ ಕುದುರೆಯನ್ನು ಇಳಿಸುತ್ತ ಬಂದನು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿ 2 ಮಿಲಿಮೀಟರ್, ಸಣ್ಣ ತಂತಿ 1.5 ಮಿಲಿಮೀಟರ್ ಎತ್ತರದಲ್ಲಿ ನಿಂತವು. ದಪ್ಪ ತಂತಿಯ ತೂಗಾಟ ದೊಡ್ಡದು. ಅದಕ್ಕೆ ಎಡೆಯೂ ಹೆಚ್ಚು ಬೇಕು.

ಜೋರಾಗಿ ಮಿಡಿದರೆ ಈಗಲೂ ತುಸು ಸದ್ದಿದೆ. ಪಿಕಪ್ ಆಲಿಸುವುದು ತಂತಿಯ ಕಂಪನವನ್ನೇ ಹೊರತು ಮೆಟ್ಟಿಲಿನ ಗೊಣಗಾಟವನ್ನಲ್ಲವಾದ್ದರಿಂದ ಸ್ಪೀಕರಿನಲ್ಲಿ ಅದು ಕೇಳಿಸದು. ಮುತ್ಯಾ ಪದವನ್ನು ಕೊನೆಯವರೆಗೂ ಹಾಡಿದರು. ಮೂರನೆಯ ತಂತಿಯನ್ನು ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ಮಾತ್ರ ಝರ್ ಎಂಬುದು ಸ್ಪಷ್ಟವಾಗಿ ಉಳಿದಿದೆ. ಮುಂದಿನ ಮೆಟ್ಟಿಲು ಕೂದಲೆಳೆಯಷ್ಟು ಎದ್ದಿದೆ. ಅದಕ್ಕೆ ಅರ ಹಿಡಿಯಬಲ್ಲವರು ಬೇಕು. ಭಜನೆಯ ಪದಗಳು ಅಷ್ಟು ಮೇಲಕ್ಕೆ ಹತ್ತುವುದಿಲ್ಲವಾಗಿ ಆ ಕೆಲಸ ಮುಂದಕ್ಕೆ ಬಿದ್ದಿದೆ.