ಹಾಸು, ಹೊಕ್ಕು ಮತ್ತು ಕೆಚ್ಚು

‘ನಮ್ಮ ಜೀವನದಲ್ಲಿ ಹಾಸುಹೊಕ್ಕಾಗಿರುವ ಸಂಸ್ಕೃತಿ’ ಎಂದು ಭಾಷಣಕಾರರು ಹೇಳಿದಾಗಲೆಲ್ಲ ನನಗೆ ಸಂಸ್ಕೃತಿಗಿಂತ ಮೊದಲು ಮಗ್ಗ ಕಣ್ಣಿಗೆ ಕಟ್ಟುತ್ತದೆ. ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿಯೊಡನೆ ಅಡ್ಡಲಾಗಿ ಹಾಯುವ ನೂಲು ಹೊಕ್ಕು. ಇವೆರಡನ್ನೂ ನಮ್ಮ ನುಡಿ ಜೋಪಾನವಾಗಿ ಇರಿಸಿಕೊಂಡಿದೆ. ಮೂರನೆಯದೊಂದು ಮಾತಿದೆ: ಕೆಚ್ಚು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಹೊಸೆದು ಕೂಡಿಸುವುದೆಂದು ಇದರರ್ಥ. ತರಗತಿಯಲ್ಲಿ ಕೇಳಿದರೆ ಮಕ್ಕಳು ‘ಕೆಚ್ಚೆದೆ’ ಎನ್ನುತ್ತಾರೆ. ಅದೂ ಒಳ್ಳೆಯ ಶಬ್ದವೇ; ಆದರೆ ಆ ಕೆಚ್ಚು ಮರದ ತಿರುಳಿಗೆ ಸೇರಿದ್ದು.

ನಾನು ಹುಟ್ಟಿದ್ದು ಇಳಕಲ್ಲ ಸೀಮೆಯ ನೇಕಾರರ ಮನೆಯಲ್ಲಿ. ಪಡಸಾಲೆಯಲ್ಲಿಯೇ ಕುಣಿಮಗ್ಗ. ಅಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವರು. ಅವ್ವ ರಾಟೆಯ ಬದಿಯಲ್ಲಿ ಕಂಡಿಕೆ ಸುತ್ತುವಳು. ಇಳಕಲ್ಲ ಸೀರೆಯ ಹೆಚ್ಚುಗಾರಿಕೆಯೇನೆಂದರೆ, ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯ ಕುಣಿಕೆಗೆ ಸೆರಗಿನ ಕೆಂಪು ರೇಷ್ಮೆಯ ಎಳೆಯ ಕುಣಿಕೆಯನ್ನು ಒಂದೊಂದಾಗಿ ತೊಡರಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಆದಕಾರಣ ಸೀರೆಗೊಂದು ಹಾಸು. ಒಂದು ಮುಗಿದೊಡನೆ ಮತ್ತೆ ಮೊದಲಿನಿಂದ ಕೆಚ್ಚಬೇಕು. ಅವ್ವ ಬೆರಳಿಗೆ ಬೂದಿ ತೀಡಿಕೊಂಡು ಸಾವಿರಾರು ಎಳೆಗಳನ್ನು ಹೊಸೆಯುತ್ತಿದ್ದಳು. ಊಟಕ್ಕೆ ಕರೆದರೆ, “ಇಷ್ಟ್ ಎಳಿ ಕೆಚ್ಚಿ ಏಳ್ತೀನಿ” ಎನ್ನುವಳು. ಆ ‘ಇಷ್ಟು’ ಎಷ್ಟೆಂಬುದು ಯಾವ ವ್ಯಾಕರಣಕ್ಕೂ ಸಿಕ್ಕುವಂಥದಲ್ಲ.

ಮನೆಯಲ್ಲಿ ನೇಯ್ದ ಬಟ್ಟೆಗೆ ಕತ್ತರಿ ತಾಗಿಸುವುದೆಂದರೆ ಅವ್ವನಿಗೆ ಸಂಕಟ. ಸೀರೆ, ಪಂಚೆಗಳಿಗಂತೂ ಆ ಪ್ರಮೇಯವೇ ಇಲ್ಲ. ಗುಳೇದಗುಡ್ಡದ ಖಣವೊಂದೇ ಕತ್ತರಿಗೆ ಒಪ್ಪಿಕೊಂಡದ್ದು. ಅಲ್ಲಿಯೂ ಅದರ ಅಂಚು ಕುಬಸದ ತೋಳಿನ ತುದಿಗೆ ಬರುವಂತೆ ಅಳೆದಳೆದು ಕತ್ತರಿಸುವಳು. ಉಳಿದ ತುಣುಕುಗಳು ತೊಟ್ಟಿಲ ಕೂಸಿನ ಕುಂಚಿಗೆಯಾಗುತ್ತಿದ್ದವು, ಎಲೆಅಡಿಕೆಯ ಸಂಚಿಯಾಗುತ್ತಿದ್ದವು. ಸೀರೆ ಸವೆದು ಹರಿದ ಮೇಲೆ ಪದರು ಪದರಾಗಿ ಕೌದಿಯೊಳಗೆ ಸೇರುತ್ತಿತ್ತು. ವಿದ್ಯಾರ್ಥಿನಿಲಯಕ್ಕೆ ನಾನು ಹೊತ್ತು ತಂದ ಕೌದಿಯಲ್ಲಿ ನಮ್ಮ ಅಜ್ಜಿಯ ಸೀರೆಯೂ ಇತ್ತು. ಚಳಿಗೆ ಅದರಷ್ಟು ಒಳ್ಳೆಯ ಹೊದಿಕೆಯನ್ನು ನಾನು ಕಂಡಿಲ್ಲ, ಭಾರವೆಂಬುದೊಂದು ದೂರು.

ಕೈಮಗ್ಗಕ್ಕೆ ವಿದ್ಯುತ್ ಮಗ್ಗ ಒಡ್ಡಿದ ಸ್ಪರ್ಧೆ, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯಿದೆ, ಇವನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನನ್ನು ಕಾಡುವುದು ಬೇರೊಂದು ಸಂಗತಿ. ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ ಸಾವಕಾರರ ಖಾತೆಯಲ್ಲಿ ಮಜೂರಿ ಬರೆಯುತ್ತಿದ್ದುದು ಅಪ್ಪನ ಹೆಸರಿಗೆ. ಕಂಡಿಕೆಗೆ, ಕೆಚ್ಚಿದ್ದಕ್ಕೆ, ಕೊಂಡಿಗೆ ಅದರಲ್ಲಿ ಪ್ರತ್ಯೇಕ ಸಾಲೇ ಇರಲಿಲ್ಲ. ಶರಣರಲ್ಲಿ ಜೇಡರ ದಾಸಿಮಯ್ಯನವರಿಗೂ ಕದಿರ ರೆಮ್ಮವ್ವೆಯವರಿಗೂ ಕಾಯಕವೇ ಹೆಸರಿನೊಡನೆ ಕೂಡಿಕೊಂಡಿದೆ. ಜೇಡನೆಂದರೆ ನೇಯುವವನು, ಕದಿರೆಂದರೆ ನೂಲುವ ಸರಳು. ಖಾತೆಯ ಪುಸ್ತಕ ಅಷ್ಟು ಉದಾರವಾಗಿರಲಿಲ್ಲ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ನೇಯುವವರನ್ನೂ ಪೂರಕ ಕೆಲಸದವರನ್ನೂ ಕೂಡಿಸಿ 35 ಲಕ್ಷ 22 ಸಾವಿರ ಜನರನ್ನು ಎಣಿಸಿತು. ಅವರಲ್ಲಿ 25 ಲಕ್ಷಕ್ಕೂ ಮಿಕ್ಕಿ ಹೆಂಗಸರು. ಆ ಅಂಕಿಯನ್ನು ಓದಿದ ದಿನ ಅವ್ವ ಇದ್ದಿದ್ದರೆ ಹೇಳುತ್ತಿದ್ದೆ.

ಕಳೆದ ಜೂನ್‌ನಲ್ಲಿ ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಸೇರಲು ಬಂದ ಹುಡುಗಿಯೊಬ್ಬಳು ಅರ್ಜಿಯಲ್ಲಿ ತಂದೆಯ ಉದ್ಯೋಗ ‘ನೇಕಾರಿಕೆ’ ಎಂದೂ ತಾಯಿಯ ಉದ್ಯೋಗ ‘ಇಲ್ಲ’ ಎಂದೂ ಬರೆದಿದ್ದಳು.

“ನಿಮ್ಮವ್ವ ಮನ್ಯಾಗ ಏನ್ ಮಾಡ್ತಾಳವಾ?”

“ಕೆಚ್ಚತಾಳ್ರೀ ಸರ್. ಕೊಂಡೀನೂ ಹಾಕ್ತಾಳ.”

“ಮತ್ತ ಇಲ್ಲ ಅಂತ ಬರದೀಯಲ್ಲ?”

ಹುಡುಗಿ ತಲೆ ತಗ್ಗಿಸಿ, “ಹಂಗ ಬರದ್ರ ನಡೀತೈತೇನ್ರೀ?” ಎಂದಳು. ನಡೆಯುತ್ತದೆಂದೆ. ‘ಇಲ್ಲ’ ಎಂಬುದನ್ನು ಹೊಡೆದು, ‘ಕೈಮಗ್ಗ: ಹಾಸು ಕೆಚ್ಚುವುದು, ಕೊಂಡಿ ಹಾಕುವುದು’ ಎಂದು ಅವಳ ಕೈಯಿಂದಲೇ ಬರೆಯಿಸಿದೆ. ಅಂಕಣ ಕಿರಿದಾಗಿದ್ದುದರಿಂದ ಕಡೆಯ ಎರಡು ಪದಗಳು ಕಾಗದದ ಅಂಚಿನವರೆಗೂ ಹರಿದವು. ಗುಮಾಸ್ತರು ಒಮ್ಮೆ ನನ್ನ ಮುಖ ನೋಡಿ, ದಾಖಲೆ ಪುಸ್ತಕದಲ್ಲಿ ಅದನ್ನು ಹಾಗೆಯೇ ಇಳಿಸಿಕೊಂಡರು.